ಒಂದು ಕೋವಿ, ಎರಡು ಹುಟ್ಟು: ಫಿನ್ಲೆಂಡಿನ ಮೊಸಿನ್ ಗುರುತಿಸುವ ಸೂತ್ರಗಳು

ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಫಿನ್ಲೆಂಡ್ ತನ್ನ ಯುದ್ಧಗಳನ್ನು ಹೋರಾಡಿದ್ದು ಮುಖ್ಯವಾಗಿ ಮೊಸಿನ್-ನಾಗಾಂತ್ ರೈಫಲ್ ಹಿಡಿದು. ಆದರೆ ಆ ಕೋವಿಯ ಎದೆಗೂಡಾದ ರಿಸೀವರನ್ನು ಆ ದೇಶ ಎಂದೂ ತಾನಾಗಿ ತಯಾರಿಸಲಿಲ್ಲ. ರಷ್ಯಾದ ತೂಲಾ, ಇಝೆವ್ಸ್ಕ್, ಸೆಸ್ತ್ರೊರೆತ್ಸ್ಕ್‌ಗಳಲ್ಲಿ ಹುಟ್ಟಿದ ರಿಸೀವರ್, ಅಪರೂಪಕ್ಕೆ ಫ್ರಾನ್ಸಿನ ಶಾತೆಲೆರೋದ್ದು, ಇಲ್ಲವೇ ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ರೆಮಿಂಗ್ಟನ್ ಮತ್ತು ನ್ಯೂ ಇಂಗ್ಲೆಂಡ್ ವೆಸ್ಟಿಂಗ್‌ಹೌಸ್ ತ್ಸಾರನಿಗಾಗಿ ಮಾಡಿಕೊಟ್ಟದ್ದು. ಇವನ್ನು ಬಿಚ್ಚಿ, ಹೊಸ ನಳಿಕೆ ಹಾಕಿ, ಹೊಸ ಮರ ತೊಡಿಸಿ, ಫಿನ್ನರು ಅವಕ್ಕೆ ಇನ್ನೊಂದು ಜನ್ಮ ಕೊಟ್ಟರು. ಈ ಎರಡು ಜನ್ಮಗಳನ್ನು ಬೇರೆ ಬೇರೆಯಾಗಿ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ. ಓದಲು ಬಾರದವರು ಒಳ್ಳೆಯ ಕೋವಿಯನ್ನು ಕೈಬಿಡುತ್ತಾರೆ, ಕೆಟ್ಟದ್ದಕ್ಕೆ ದುಡ್ಡು ಸುರಿಯುತ್ತಾರೆ.

1. ಬೋಲ್ಟ್ ತೆರೆಯಿರಿ, ಆಮೇಲೆ ಮಾತು

ಕೋವಿ ಕೈಗೆ ಬಂದ ಕೂಡಲೇ ಬೋಲ್ಟ್ ಹಿಂದಕ್ಕೆಳೆದು ಗುಂಡಿನ ಕೋಣೆ, ಮ್ಯಾಗಜೀನ್ ಎರಡೂ ಖಾಲಿ ಇವೆಯೇ ನೋಡಿ. ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ. ಎಂಬತ್ತು ವರ್ಷ ಹಳೆಯದು, ಪ್ರದರ್ಶನಕ್ಕಿಟ್ಟದ್ದು ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಈ ಸೂತ್ರಕ್ಕೆ ವಿನಾಯಿತಿ ಇಲ್ಲ.

2. ಮೊದಲು ಉದ್ದ ಅಳೆಯಿರಿ

ಮುದ್ರೆ ಹುಡುಕುವ ಮೊದಲು ಅಳತೆಪಟ್ಟಿ ತೆಗೆಯಿರಿ. ನಳಿಕೆ ಸುಮಾರು 800 ಮಿ.ಮೀ. ಇದ್ದರೆ ಅದು ಹಳೆಯ ಉದ್ದ ರೈಫಲ್ ಎಂ/91, ಇಲ್ಲವೇ ಅದರ ಫಿನ್ನಿಶ್ ಸುಧಾರಣೆ ಎಂ/24. ಸುಮಾರು 730 ಮಿ.ಮೀ. ಇದ್ದರೆ ಸೋವಿಯತ್ ಮಾದರಿಯ 91/30 ಅಥವಾ ಹಳೆಯ ಡ್ರಗೂನ್. ಸುಮಾರು 685 ಮಿ.ಮೀ. ಇದ್ದರೆ ನೀವು ಅಪ್ಪಟ ಫಿನ್ನಿಶ್ ಕುಟುಂಬದೊಳಗೆ ಬಂದಿರಿ: ಎಂ/27, ಎಂ/28, ಎಂ/28-30, ಎಂ/39. ಈ ಒಂದೇ ಅಳತೆ ಗೊಂದಲದ ಮುಕ್ಕಾಲು ಪಾಲನ್ನು ಕಳೆಯುತ್ತದೆ.

3. ಎರಡು ವರ್ಷಗಳನ್ನು ಹುಡುಕಿ

ನಳಿಕೆಯ ಬುಡದಲ್ಲಿ ಕಾಣುವ ಇಸವಿ ಪುನರ್ಜನ್ಮದ್ದು. ಮೊದಲ ಹುಟ್ಟಿನ ಇಸವಿ ಅಡಗಿರುವುದು ರಿಸೀವರಿನ ಹಿಂಬಾಲದ ಅಡಿಯಲ್ಲಿ, ಮರದೊಳಗೆ. ಬ್ಯಾಂಡ್‌ಗಳನ್ನು ಸಡಿಲಿಸಿ, ಹಿಂದಿನ ಮತ್ತು ಮುಂದಿನ ಎರಡು ಸ್ಕ್ರೂ ಬಿಚ್ಚಿ, ಲೋಹದ ಭಾಗವನ್ನು ಮರದಿಂದ ಮೇಲೆತ್ತಿದರೆ ಮಾತ್ರ ಅದು ಕಾಣುತ್ತದೆ. ಸುತ್ತಿಗೆಯ ಗುರುತಿದ್ದರೆ ತೂಲಾ, ಬಿಲ್ಲು ಮತ್ತು ಬಾಣ ಇದ್ದರೆ ಇಝೆವ್ಸ್ಕ್, ಬಾಣ ಮಾತ್ರ ಇದ್ದರೆ ಸೆಸ್ತ್ರೊರೆತ್ಸ್ಕ್. 1944ರ ನಳಿಕೆಯ ಕೆಳಗೆ 1890ರ ದಶಕದ ರಿಸೀವರ್ ಸಿಗುವುದು ಈ ಕುಟುಂಬದಲ್ಲಿ ತೀರಾ ಸಾಮಾನ್ಯ. ಮೊದಲ ಸಲ ಅದನ್ನು ಕಂಡಾಗ ಆಗುವ ರೋಮಾಂಚನ ಮಾತ್ರ ಸಾಮಾನ್ಯವಲ್ಲ.

ಬಿಚ್ಚುವಾಗ ಒಂದು ಎಚ್ಚರ. ರಿಸೀವರಿಗೂ ಮರಕ್ಕೂ ನಡುವೆ ತೆಳ್ಳನೆಯ ಲೋಹದ ಚೂರುಗಳು ಸಿಗಬಹುದು. ಅವು ಕಸವಲ್ಲ. ಲೋಹ ಮರದ ಮೇಲೆ ಅಲುಗದೆ ಸಮನಾಗಿ ಕೂರಲಿ ಎಂದು ಫಿನ್ನಿಶ್ ಕಮ್ಮಾರರು ಕೈಯಾರೆ ಇಟ್ಟ ತುಂಡುಗಳು. ಯಾವುದು ಎಲ್ಲಿತ್ತು ಎಂದು ಫೋಟೋ ತೆಗೆದು, ಅಲ್ಲೇ ವಾಪಸ್ ಇಡಿ. ಅವನ್ನು ಎಸೆದವರ ಕೋವಿ ಗುರಿ ತಪ್ಪತೊಡಗುತ್ತದೆ, ಚರಿತ್ರೆಯ ಒಂದು ಸಾಕ್ಷ್ಯವೂ ಹೋಗುತ್ತದೆ.

4. ಇದು ಯಾವ ಮನೆಯ ಕೋವಿ ಎಂದು ಕೇಳಿ

ಈ ಪ್ರಶ್ನೆಯ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇದು ತಿಳಿಯದಿದ್ದರೆ ಮುದ್ರೆಗಳೆಲ್ಲ ಬರೀ ಗೀಚುಗಳು.

ಫಿನ್ಲೆಂಡ್ ಸ್ವಾತಂತ್ರ್ಯ ಘೋಷಿಸಿದ್ದು 1917ರ ಡಿಸೆಂಬರ್ 6ರಂದು. ಮರುವರ್ಷದ ಜನವರಿಯಿಂದ ಮೇ ತಿಂಗಳವರೆಗೆ ಅಲ್ಲಿ ಅಂತರ್ಯುದ್ಧ. ರಷ್ಯನ್ ಪಡೆಗಳು ಬಿಟ್ಟುಹೋದ ಮತ್ತು ಅವರಿಂದ ಕಸಿದುಕೊಂಡ ಕೋವಿಗಳೇ ಹೊಸ ದೇಶದ ಆಸ್ತಿ. ಯುದ್ಧ ಮುಗಿದ ಮೇಲೆ ಎರಡು ಮನೆಗಳು ಉಳಿದವು. ಒಂದು, ಸರ್ಕಾರಿ ಸೇನೆ. ಇನ್ನೊಂದು, ಸುಒಯೆಲುಸ್ಕುಂತಾ ಎಂಬ ಸ್ವಯಂಸೇವಕ ರಕ್ಷಣಾ ದಳ. ಊರೂರಿನ ರೈತರು, ಶಿಕ್ಷಕರು, ಗುಮಾಸ್ತರು ಅದರ ಸದಸ್ಯರು. ಅದಕ್ಕೆ ಪ್ರತ್ಯೇಕ ಪ್ರಧಾನ ಕಚೇರಿ, ಪ್ರತ್ಯೇಕ ದುಡ್ಡು. 1921ರಲ್ಲಿ ಹೆಲ್ಸಿಂಕಿಯಲ್ಲಿ ಶುರುವಾಗಿ 1927ರಲ್ಲಿ ರೀಹಿಮಾಕಿಗೆ ಹೋದ ಸ್ವಂತ ಕಾರ್ಖಾನೆಯೂ ಇತ್ತು. ಆ ಕಾರ್ಖಾನೆಯ ಹೆಸರು ಸಾಕೋ.

ಎರಡು ಮನೆಗಳೂ ಒಂದೇ ರಷ್ಯನ್ ಕೋವಿಯನ್ನು ತಮ್ಮ ತಮ್ಮ ರುಚಿಗೆ ತಕ್ಕಂತೆ ತಿದ್ದಿದವು. ದಳದ ಸಾಲು: ಎಂ/24, ಎಂ/28, ಎಂ/28-30. ಸೇನೆಯ ಸಾಲು: ಎಂ/27. ಒಂದೇ ದೇಶದಲ್ಲಿ ಎರಡು ಅಡುಗೆಮನೆ ನಡೆಸುವುದು ದುಬಾರಿ ಎಂದು ಕೊನೆಗೆ ಇಬ್ಬರೂ ಕೂತು ಒಪ್ಪಿದ್ದು ಎಂ/39. ಇಷ್ಟು ಗೊತ್ತಿದ್ದರೆ, ರೋಮನ್ ಎಸ್ ಅಕ್ಷರ ಮತ್ತು ಅದರ ಮೇಲೆ ಫರ್ ಮರದ ಚಿಗುರುಗಳಿರುವ ಲಾಂಛನ ಕಂಡಾಗ ಅದು ದಳದ ಕೋವಿ ಎಂದು ಥಟ್ಟನೆ ಹೇಳಬಹುದು. ಎಸ್‌ವೈ, ಎಸ್‌ಕೆವೈ ಎಂಬ ಅಕ್ಷರಗಳೂ ದಳದ ಪ್ರಧಾನ ಕಚೇರಿಯವೇ.

1944ರ ಕದನವಿರಾಮದ ನಂತರ ಸೋವಿಯತ್ ಒತ್ತಡಕ್ಕೆ ದಳವನ್ನೇ ವಿಸರ್ಜಿಸಲಾಯಿತು. ಸಾಕೋ ಕಾರ್ಖಾನೆ ಪರರ ಪಾಲಾಗದಿರಲೆಂದು ಅದನ್ನು ಫಿನ್ನಿಶ್ ರೆಡ್‌ಕ್ರಾಸ್‌ಗೆ ಒಪ್ಪಿಸಿದರು. ನಿಮ್ಮ ಕೈಯಲ್ಲಿರುವ ಆ ಎಸ್ ಮುದ್ರೆ, ಈಗ ಇಲ್ಲದ ಒಂದು ಮನೆಯ ಬಾಗಿಲ ಮೇಲಿನ ಹೆಸರು.

5. ನಳಿಕೆಯ ಬುಡದಲ್ಲಿ ತಯಾರಕರ ಸಹಿ ಓದಿ

ತ್ರಿಕೋನದೊಳಗೆ ಟಿ ಇದ್ದರೆ ತಿಕ್ಕಾಕೊಸ್ಕಿ. ವಿಕೆಟಿ ಎಂಬ ಮೂರು ಅಕ್ಷರ ಇದ್ದರೆ ಯುವಾಸ್ಕುಲಾದ ಸರ್ಕಾರಿ ರೈಫಲ್ ಕಾರ್ಖಾನೆ. ಸಾಕೋ ತನ್ನ ಹೆಸರನ್ನೇ ಒತ್ತುತ್ತದೆ. ಎಸ್‌ಐಜಿ ಎಂದಿದ್ದರೆ ನಳಿಕೆ ಸ್ವಿಟ್ಜರ್ಲೆಂಡಿನದು, ಎಂ/24 ಮತ್ತು ಮೊದಮೊದಲ ಎಂ/28ಗಳಲ್ಲಿ ಕಾಣಸಿಗುತ್ತದೆ. ಬೋಲರ್-ಸ್ಟಾಲ್ ಎಂಬ ಬರಹ ಎಂ/24ರ ಜರ್ಮನ್ ನಳಿಕೆಯದು. ರಿಸೀವರಿನ ಮೇಲೆ ಎ, ಝಡ್, ಎಫ್ ಅಕ್ಷರಗಳಿದ್ದರೆ ಆ ಕೋವಿ ಒಮ್ಮೆ ಆಸ್ಟ್ರಿಯಾದವರ ಕೈಗೆ ಸೆರೆಸಿಕ್ಕಿ, ಅಲ್ಲಿನ ಆಯುಧಶಾಲೆ ದಾಟಿ ಬಂದದ್ದು. ಒಂದು ಅಂಗೈ ಅಗಲದ ಉಕ್ಕಿನ ಮೇಲೆ ಮೂರು ನಾಲ್ಕು ದೇಶಗಳು.

6. ಚೌಕದೊಳಗಿನ ಎಸ್‌ಎ ಇಲ್ಲದಿದ್ದರೆ ಗಾಬರಿಯಾಗಬೇಡಿ

ಆಯತದ ಚೌಕಟ್ಟಿನೊಳಗೆ ಎಸ್ ಮತ್ತು ಎ: ಸುಒಮೆನ್ ಆರ್ಮೆಯಾ, ಅಂದರೆ ಫಿನ್ಲೆಂಡ್ ಸೇನೆ. ಇದು ಕಂಡರೆ ಫಿನ್ನಿಶ್ ಎಂದು ಎಲ್ಲರಿಗೂ ಗೊತ್ತು. ಆದರೆ ಹೊಸಬರು ಇಲ್ಲೇ ಎರಡು ತಪ್ಪು ಮಾಡುತ್ತಾರೆ. ಈ ಒಡೆತನದ ಮುದ್ರೆ ಬಳಕೆಗೆ ಬಂದದ್ದು 1942ರಲ್ಲಿ. ಅದಕ್ಕೂ ಮೊದಲು ಸೇನೆಯ ಕೈಬಿಟ್ಟ ಕೋವಿಗಳಲ್ಲಿ ಅದು ಇರುವುದಿಲ್ಲ. ಹಾಗೆಯೇ ಆ ಮುದ್ರೆ ಇದ್ದ ಮಾತ್ರಕ್ಕೆ ಕೋವಿ ಫಿನ್ಲೆಂಡಿನಲ್ಲಿ ತಯಾರಾಯಿತು ಎಂದಲ್ಲ. 1939-40ರ ಚಳಿಗಾಲದ ಯುದ್ಧದಲ್ಲಿ ಮತ್ತು ಅದರ ಮುಂದಿನ ಯುದ್ಧದಲ್ಲಿ ಸೋವಿಯತ್ ಪಡೆಗಳಿಂದ ವಶಪಡಿಸಿಕೊಂಡ 91/30ಗಳ ಮೇಲೂ ಅದೇ ಮುದ್ರೆ ಬಿದ್ದಿದೆ. ಮುದ್ರೆ ಹೇಳುವುದು ಯಾರದ್ದು ಎಂಬುದನ್ನು. ಯಾರು ಮಾಡಿದ್ದು ಎಂಬುದನ್ನಲ್ಲ. ಆದರೆ 91/30 ಒಂದರ ಮೇಲೆ 1943 ಅಥವಾ 1944ರ ತಿಕ್ಕಾಕೊಸ್ಕಿ ನಳಿಕೆ ಇದ್ದರೆ ಬಿಡಬೇಡಿ. ಶತ್ರುವಿನ ಮಾದರಿಗೆ ಫಿನ್ನರೇ ಮಾಡಿದ ನಳಿಕೆ ಅದು, ಬಹಳ ಜನ ಸೋವಿಯತ್ ಎಂದುಕೊಂಡು ದಾಟಿಹೋಗುತ್ತಾರೆ.

7. ನಾಯಿಯ ಕಿವಿ ಹುಡುಕಿ

ನಳಿಕೆಯ ತುದಿಯ ಗುರಿಮೊನೆಯ ಎರಡೂ ಬದಿಗೆ ನೆಟ್ಟಗೆ ನಿಂತ ಲೋಹದ ರೆಕ್ಕೆಗಳಿವೆಯೇ? ಫಿನ್ನರಿಗೆ ಅದು ತಮ್ಮ ಬೇಟೆನಾಯಿ ಸ್ಪಿಟ್ಜ್‌ನ ಕಿವಿಯಂತೆ ಕಂಡಿತು. ಅದಕ್ಕೇ ಪುಸ್ತುಕೊರ್ವಾ ಎಂಬ ಅಡ್ಡಹೆಸರು. ಎಂ/27ರಿಂದ ಮುಂದಿನ ಫಿನ್ನಿಶ್ ಮಾದರಿಗಳಲ್ಲಿ ಈ ಕಿವಿಗಳುಂಟು. ಉದ್ದ ಎಂ/91ರಲ್ಲಿ ಇಲ್ಲ. ಅಂಗಡಿಯ ಕಪಾಟಿನಲ್ಲಿ ಹತ್ತು ಮೊಸಿನ್‌ಗಳು ಒತ್ತಾಗಿ ನಿಂತಿದ್ದರೂ ಐದು ಹೆಜ್ಜೆ ದೂರದಿಂದ ಫಿನ್ನಿಶ್ ಯಾವುದು ಎಂದು ಹೇಳಿಕೊಡುವ ಗುರುತು ಇದು.

8. ಎಂ/27 ಮತ್ತು ಎಂ/28: ಮೂತಿ ನೋಡಿ

ಇವೆರಡೂ ಅವಳಿಗಳಂತೆ. ವ್ಯತ್ಯಾಸ ಮರದ ತುದಿಯ ಲೋಹದ ತೊಪ್ಪಿಯಲ್ಲಿದೆ. ಎಂ/27ರದ್ದು ಕೀಲಿನಿಂದ ತೆರೆದುಕೊಳ್ಳುವ ಎರಡು ತುಂಡಿನ ತೊಪ್ಪಿ. ಎಂ/28ರದ್ದು ಒಂದೇ ತುಂಡು. ಎಂ/27ರ ಮೊದಲ ತೊಪ್ಪಿಗಳು ಬಯನೆಟ್ ಸಿಕ್ಕಿಸಿ ಒತ್ತಿದರೆ ತಡೆಯದಷ್ಟು ದುರ್ಬಲವಾಗಿದ್ದವು, ಆಮೇಲೆ ಬಲಪಡಿಸಿದರು. ಬಲಪಡಿಸದ ಮೊದಲ ಬಗೆ ಸಿಕ್ಕರೆ ಹಿಗ್ಗಿ: ತಿದ್ದುಪಡಿ ತಪ್ಪಿಸಿಕೊಂಡು ಉಳಿದವು ಕಡಿಮೆ. ಅನುಮಾನ ಬಂದರೆ ನಳಿಕೆಯ ಮೇಲಿನ ದಳದ ಲಾಂಛನ ನಿರ್ಣಯ ಕೊಡುತ್ತದೆ.

9. ಎಂ/24: ಹೆಂಗಸರ ದುಡ್ಡಿನ ಕೋವಿ

ಉದ್ದ ನಳಿಕೆ, ಆದರೆ ಹಳೆಯ ಎಂ/91ಕ್ಕಿಂತ ಕೈಗೆ ಭಾರ. ನಳಿಕೆ ದಪ್ಪ, ತುದಿಯಲ್ಲಿ ಮಾತ್ರ ಹಳೆಯ ಬಯನೆಟ್ ಕೂರಲೆಂದು ಸಣ್ಣದಾಗಿ ಕಡೆದಿದ್ದಾರೆ. ಆ ಮೆಟ್ಟಿಲೇ ಗುರುತು. (ಮೊದಲ ಸ್ವಿಸ್ ನಳಿಕೆಗಳು ಮಾತ್ರ ಹಳೆಯ ಗಾತ್ರದವೇ, ಅಲ್ಲಿ ಬರಹವನ್ನೇ ನಂಬಬೇಕು.) ಲೊತ್ತಾ ಸ್ವಾರ್ದ್ ಎಂಬ ಮಹಿಳಾ ಸಂಘಟನೆ ಇದಕ್ಕಾಗಿ ಹಣ ಕೂಡಿಸಿತು, ಆದ್ದರಿಂದ ಲೊತ್ತಾ ರೈಫಲ್ ಎಂದೇ ಹೆಸರು. ಯಾವ ಜನರಲ್‌ನ ಹೆಸರಿಗಿಂತಲೂ ಇದು ನನಗೆ ಇಷ್ಟ.

10. ಎಂ/28-30ರ ಮುಂದೆ ನಿಧಾನಿಸಿ

ದಳದ ಜನ ಗುರಿಕಾರಿಕೆಯ ಹುಚ್ಚಿನವರು. ಭಾನುವಾರದ ಸ್ಪರ್ಧೆಗಳಲ್ಲಿ ಕಲಿತದ್ದನ್ನೆಲ್ಲ ಈ ಕೋವಿಗೆ ಸುರಿದರು. 1937ರಲ್ಲಿ ಹೆಲ್ಸಿಂಕಿಯಲ್ಲಿ ವಿಶ್ವ ಶೂಟಿಂಗ್ ಚಾಂಪಿಯನ್‌ಷಿಪ್ ನಡೆದಾಗ ಕಣಕ್ಕಿಳಿದ ರೈಫಲ್ ಇದೇ.

ಗುರುತುಗಳು: ಹಿಂದಿನ ಗುರಿಪಟ್ಟಿ ರಷ್ಯನ್ ಮೂಲದ್ದಲ್ಲ, ಪೂರ್ತಿ ಹೊಸ ವಿನ್ಯಾಸ. ಎಂ/28ರಲ್ಲಿ ಹಳೆಯ ರಷ್ಯನ್ ಪಟ್ಟಿಯನ್ನೇ ಮೀಟರಿಗೆ ತಿದ್ದಿ ಬಳಸಿದ್ದರು. ಇಬ್ಬರನ್ನೂ ಬೇರ್ಪಡಿಸಲು ಇದೊಂದೇ ಸಾಕು. ಮ್ಯಾಗಜೀನಿನ ಬದಿಯಲ್ಲಿ ಹೆಚ್‌ವಿ ಎಂಬ ಎರಡು ಅಕ್ಷರಗಳಿದ್ದರೆ ಅದು ಹ್ಯಾಯಿರಿಯೊವಾಪಾ, ತಡೆಯಿಲ್ಲದ್ದು ಎಂದರ್ಥ: ಗುಂಡುಗಳ ಅಂಚು ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ತಿದ್ದಿದ ಮ್ಯಾಗಜೀನ್. ಮರದ ಮುಂಭಾಗದಲ್ಲಿ, ನಳಿಕೆ ಹಾದುಹೋಗುವಲ್ಲಿ, ಅಲ್ಯೂಮಿನಿಯಂ ತೋಳು ಇದೆಯೇ ನೋಡಿ. ಚಳಿಗೆ, ಥಂಡಿಗೆ ಮರ ಉಬ್ಬಿದರೂ ನಳಿಕೆಯನ್ನು ಒತ್ತಬಾರದು ಎಂಬುದು ಅದರ ಕೆಲಸ.

ಸಿಮೋ ಹ್ಯಾಯುಹ್ಯಾ ಹಿಡಿದಿದ್ದು ಈ ಮಾದರಿಯನ್ನೇ. ರೌತ್ಯಾರ್ವಿಯ ರೈತ, ದಳದ ಸದಸ್ಯ. ಚಳಿಗಾಲದ ಯುದ್ಧದಲ್ಲಿ, ಕೊಲ್ಲಾದ ರಣಭೂಮಿಯಲ್ಲಿ ದೂರದರ್ಶಕವಿಲ್ಲದೆ, ಬರಿಗಣ್ಣಿನ ಗುರಿಮೊನೆಯಿಂದಲೇ ಗುರಿಯಿಟ್ಟು, 500ಕ್ಕೂ ಹೆಚ್ಚು ಜನರನ್ನು ಹೊಡೆದನೆಂದು ದಾಖಲೆ. 1940ರ ಮಾರ್ಚ್ 6ರಂದು ದವಡೆ ಛಿದ್ರವಾಗುವಂತೆ ಗುಂಡು ತಿಂದ, ಬದುಕಿದ, 2002ರವರೆಗೂ ಇದ್ದ. ಅವನ ಹೆಸರಿನಿಂದಾಗಿಯೇ ಈ ಮಾದರಿಯ ಬೆಲೆ ಏರಿದೆ. ಆದ್ದರಿಂದ ಯಾರಾದರೂ ಇದು ಅವನದ್ದೇ ಕೋವಿ, ಅವನ ತುಕಡಿಯದ್ದೇ ಎಂದು ಕತೆ ಕಟ್ಟಿದರೆ ಕಾಗದ ಕೇಳಿ. ಕಾಗದವಿಲ್ಲದ ಕತೆಗೆ ಒಂದು ಪೈಸೆಯನ್ನೂ ಹೆಚ್ಚು ಕೊಡಬೇಡಿ. ಆ ಯುದ್ಧ 105 ದಿನ ನಡೆಯಿತು, ಎರಡೂ ಕಡೆ ಮನೆಗೆ ಮರಳದವರು ಅಸಂಖ್ಯ. ಅವರ ಮೇಲೆ ಸುಳ್ಳು ಕತೆ ಮಾರುವುದು ನನಗೆ ಕಳ್ಳತನವಾಗಿಯೇ ಕಾಣುತ್ತದೆ.

11. ಎಂ/39: ಕೈಗೆ ಸಿಗುವುದು ಬಹುಶಃ ಇದೇ

ಸುಮಾರು ಒಂದು ಲಕ್ಷ ತಯಾರಾದವು, ಹಾಗಾಗಿ ಹೊಸ ಸಂಗ್ರಾಹಕರ ಮೊದಲ ಕೋವಿ ಸಾಮಾನ್ಯವಾಗಿ ಎಂ/39. ಹಿಡಿ ನೋಡಿ: ಬೆರಳುಗಳು ಸುತ್ತಿಕೊಳ್ಳುವಂತೆ ಕೆಳಕ್ಕೆ ಬಾಗಿದ ಅರೆ ಪಿಸ್ತೂಲ್ ಹಿಡಿ. ಆರಂಭದ ಕೆಲವದರಲ್ಲಿ ಮಾತ್ರ ನೇರ ಹಿಡಿ ಇದೆ. ನೇರವಾಗಿದೆ ಎಂದು ತಿರಸ್ಕರಿಸಬೇಡಿ, ಅವಕ್ಕೇ ಬೇಡಿಕೆ ಹೆಚ್ಚು. ಪಟ್ಟಿ ಕಟ್ಟಲು ಕೆಳಗೂ ಬದಿಗೂ ಜಾಗವಿದೆ.

ಮಾದರಿಗೆ ಒಪ್ಪಿಗೆ ಸಿಕ್ಕಿದ್ದು 1939ರ ಫೆಬ್ರುವರಿಯಲ್ಲಿ. ಆದರೆ ನವೆಂಬರ್ 30ಕ್ಕೆ ಯುದ್ಧ ಬಂತು, ಕಾರ್ಖಾನೆಗಳಿಗೆ ಹೊಸದಕ್ಕೆ ಕೈಹಾಕಲು ಪುರುಸೊತ್ತಾಗಲಿಲ್ಲ. ಹೆಚ್ಚಿನವುಗಳ ನಳಿಕೆಯ ಇಸವಿ 1941ರಿಂದ 1945ರೊಳಗಿನದು. ಹೀಗಾಗಿ ಎಂ/39 ತೋರಿಸಿ ಇದು ಚಳಿಗಾಲದ ಯುದ್ಧದಲ್ಲಿ ಹೋರಾಡಿದ್ದು ಎಂದವರ ಮಾತನ್ನು ಅಲ್ಲೇ ನಿಲ್ಲಿಸಬಹುದು. 1960ರ ದಶಕದ ಕೊನೆಯ ಇಸವಿ ಕಂಡರೂ ನಕಲಿ ಎನ್ನಬೇಡಿ. ಉಳಿದಿದ್ದ ಬಿಡಿಭಾಗಗಳಿಂದ ಆಗಲೂ ಕೆಲವನ್ನು ಜೋಡಿಸಿದರು.

ಇದಕ್ಕೆ ಉಕ್ಕೊ-ಪೆಕ್ಕಾ ಎಂಬ ಪ್ರೀತಿಯ ಹೆಸರುಂಟು. ಗುರಿಕಾರಿಕೆಯಲ್ಲಿ ಪಳಗಿದ್ದ ಅಧ್ಯಕ್ಷ ಸ್ವಿನ್‌ಹುವುದ್ ಅವರನ್ನು ಜನ ಕರೆಯುತ್ತಿದ್ದುದು ಹಾಗೆ.

12. ಡಿ ಅಕ್ಷರವನ್ನು ಗುಂಡು ಹಾಕುವ ಮೊದಲು ಓದಿ

ನಳಿಕೆಯ ಬುಡದಲ್ಲಿ ಡಿ ಎಂದಿದ್ದರೆ ಆ ಕೋಣೆ ಫಿನ್ಲೆಂಡಿನ ಡಿ166 ಎಂಬ ಭಾರದ ಗುಂಡಿಗೆ ಹೊಂದುತ್ತದೆ. ಅದರ ತೂಕ ಸುಮಾರು 13 ಗ್ರಾಂ. ಎಂ/39ರ ನಳಿಕೆಯ ಒಳವ್ಯಾಸ 0.310 ಅಂಗುಲ, ಅದಕ್ಕೂ ಹಿಂದಿನ ಎಂ/24, ಎಂ/28ಗಳದ್ದು ಅದಕ್ಕಿಂತ ಬಿಗಿ. ಎಲ್ಲಕ್ಕೂ ಒಂದೇ ಕಾರ್ಟ್ರಿಜ್ ಎಂದುಕೊಂಡು ಸಿಕ್ಕಿದ್ದನ್ನು ತುರುಕಬೇಡಿ. ಹಾರಿಸುವ ಯೋಚನೆಯಿದ್ದರೆ ಪಳಗಿದ ಕಮ್ಮಾರನಿಂದ ಅಳೆಸಿ.

13. ಮರದ ತೇಪೆಯನ್ನು ಗೌರವಿಸಿ

ಫಿನ್ನಿಶ್ ಮರಭಾಗ ಹೆಚ್ಚಾಗಿ ಬರ್ಚ್. ನಡುವೆ ಎರಡು ತುಂಡುಗಳು ಹೆಣೆದ ಬೆರಳುಗಳಂತೆ ಕೂಡಿರುವ ಗೀರು ಕಾಣುತ್ತದೆ. ಮುರಿದು ಅಂಟಿಸಿದ್ದಾರೆ ಎಂದು ಬೆಲೆ ಇಳಿಸಲು ಹೋಗಬೇಡಿ: ಎರಡು ತುಂಡು ಕೂಡಿಸಿದ ಮರ ಸೊಟ್ಟಗಾಗುವುದು ಕಡಿಮೆ, ಅದಕ್ಕೇ ಹಾಗೆ ಮಾಡಿದ್ದು. ಹಿಂಬದಿಯ ಬಲ ಮಗ್ಗುಲಲ್ಲಿ ಹಿತ್ತಾಳೆಯ ಬಿಲ್ಲೆ ಇದ್ದರೆ ಅದರಲ್ಲಿ ತುಕಡಿಯ ಗುರುತಿರಬಹುದು. ಬಿಲ್ಲೆ ಹೋಗಿ ಅದರ ದುಂಡು ಗುಳಿ ಮಾತ್ರ ಉಳಿದಿದ್ದರೂ ಅದೂ ಒಂದು ಸಾಕ್ಷಿಯೇ. ಹೊಸ ಬಿಲ್ಲೆ ತಂದು ತುಂಬಬೇಡಿ.

14. ಬೋಲ್ಟಿನ ಸಂಖ್ಯೆ ಹೊಂದಿಲ್ಲವೆಂದು ಕೊರಗಬೇಡಿ

ಜರ್ಮನ್ ಮೌಸರ್ ಸಂಗ್ರಹಿಸಿ ಬಂದವರು ಎಲ್ಲ ಬಿಡಿಭಾಗದ ಸಂಖ್ಯೆಯೂ ಒಂದೇ ಇರಬೇಕು ಎಂದು ಹಟ ಹಿಡಿಯುತ್ತಾರೆ. ಇಲ್ಲಿ ಆ ಅಳತೆಗೋಲು ನಡೆಯದು. ಫಿನ್ನಿಶ್ ಸಂಖ್ಯೆ ಇರುವುದು ನಳಿಕೆಯ ಮೇಲೆ. ಬೋಲ್ಟ್ ಎಲ್ಲಿಂದಲೋ ಬಂದಿರುತ್ತದೆ, ಅದರ ಮೇಲೆ ಹಳೆಯ ರಷ್ಯನ್ ಸಂಖ್ಯೆ ಇದ್ದರೆ ಅದೇ ಸಹಜ. ಅವರಿಗೆ ಬೇಕಿದ್ದದ್ದು ಸರಿಯಾಗಿ ಮುಚ್ಚಿಕೊಳ್ಳುವ ಬೋಲ್ಟ್. ತೀರಾ ಚೊಕ್ಕಟವಾಗಿ, ನಿನ್ನೆ ತಾನೇ ಕೆತ್ತಿದಂತೆ ಎಲ್ಲವೂ ಹೊಂದಿದ್ದರೆ ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿ.

15. ಅಪರೂಪದ್ದು ಎಂದಾಗ ಎರಡು ಪಟ್ಟು ಅನುಮಾನಿಸಿ

ಅಶ್ವದಳಕ್ಕೆಂದು ಮಾಡಿದ ಎಂ/27 ಗಿಡ್ಡ ಕಾರ್ಬೈನ್ ಹುಟ್ಟಿದ್ದೇ 2,200 ಚಿಲ್ಲರೆ. ಬಳಕೆಯಲ್ಲಿ ಸವೆದು ಉಳಿದದ್ದು ಬೆರಳೆಣಿಕೆ. ದೂರದರ್ಶಕ ಕೂರಿಸಿದ ಸ್ನೈಪರ್ ಮಾದರಿಗಳೂ ಹಾಗೆಯೇ. ಬೆಲೆ ಎಲ್ಲಿ ಹೆಚ್ಚೋ ನಕಲು ಅಲ್ಲಿಗೇ ಬರುತ್ತದೆ: ಸಾಧಾರಣ ಎಂ/27ರ ನಳಿಕೆ ಕತ್ತರಿಸಿ, ಬೋಲ್ಟಿನ ಹಿಡಿ ಬಗ್ಗಿಸಿ ಕಾರ್ಬೈನ್ ಮಾಡುವುದು ಕಷ್ಟದ ಕೆಲಸವಲ್ಲ. ಇಂಥದ್ದಕ್ಕೆ ಒಬ್ಬರೇ ಹೋಗಬೇಡಿ. ಅಸಲಿಯನ್ನು ಕೈಯಲ್ಲಿ ಹಿಡಿದು ನೋಡಿದವರನ್ನು ಜೊತೆಗೆ ಕರೆದುಕೊಂಡು ಹೋಗಿ.

16. ತೊಳೆದು ಹೊಳೆಯಿಸಬೇಡಿ

ಕಪ್ಪಾದ ಎಣ್ಣೆ, ಟಾರಿನ ವಾಸನೆ, ಉಜ್ಜಿ ನುಣುಪಾದ ಅಂಚು, ಕೈ ಬೆವರಿಗೆ ಬಣ್ಣ ಕಳೆದ ಬೋಲ್ಟ್: ಇವೇ ಅದರ ವಯಸ್ಸು. ಮರಳು ಕಾಗದ ಹಿಡಿದು ಮರ ಉಜ್ಜಿದರೆ ಎಸ್‌ಎ ಮುದ್ರೆಯೂ ತುಕಡಿಯ ಕೆತ್ತನೆಯೂ ಹುಡಿಯಾಗಿ ನೆಲಕ್ಕೆ ಉದುರುತ್ತವೆ. ಲೋಹಕ್ಕೆ ಹೊಸ ಬಣ್ಣ ಹಚ್ಚಿದವರು ಹಳೆಯ ಚುಕ್ಕೆಗಳನ್ನೆಲ್ಲ ಹೂತುಹಾಕುತ್ತಾರೆ. ಒಣಬಟ್ಟೆ, ಒಂದಿಷ್ಟು ಎಣ್ಣೆ, ಅಷ್ಟೇ ಸಾಕು.

17. ಕಾನೂನು ಮೊದಲು, ಕೋವಿ ಆಮೇಲೆ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಇಂಥದ್ದನ್ನು ಮುಟ್ಟುವ ಮಾತೇ ಇಲ್ಲ. ಇಲ್ಲಿರುವವರಿಗೆ ಇದು ಪುಸ್ತಕ, ಚಿತ್ರ, ವಸ್ತುಸಂಗ್ರಹಾಲಯಗಳ ವಿದ್ಯೆ, ಅದೂ ಸಣ್ಣದೇನಲ್ಲ. ಹೆಲ್ಸಿಂಕಿಗೆ ಹೋದವರು ಸುಒಮೆನ್‌ಲಿನ್ನಾ ಕೋಟೆಯ ಸೇನಾ ವಸ್ತುಸಂಗ್ರಹಾಲಯವನ್ನು ಬಿಡಬೇಡಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೂರನೆಯ ಸೂತ್ರ ಇನ್ನಷ್ಟು ಮುಖ್ಯ. ಅಲ್ಲಿಯ ಕೇಂದ್ರ ಕಾನೂನಿನಲ್ಲಿ 1898 ಮತ್ತು ಅದಕ್ಕೂ ಹಿಂದೆ ತಯಾರಾದ ಕೋವಿ ಪುರಾತನ ವಸ್ತು ಎನಿಸುತ್ತದೆ, ಹಾಗಾಗಿ ಸಂಗ್ರಾಹಕರು ಹುಡುಕುವುದು ರಿಸೀವರಿನ ಇಸವಿಯನ್ನೇ. ಆದರೂ ರಾಜ್ಯದ ಕಾನೂನು ಬೇರೆ ಇರಬಹುದು; ಕೇಳಿಕೊಂಡೇ ಮುಂದುವರಿಯಿರಿ.

18. ಪ್ರತಿ ಕೋವಿಗೂ ಒಂದು ಪುಟ

ನಳಿಕೆಯ ಇಸವಿ, ರಿಸೀವರಿನ ಇಸವಿ, ತಯಾರಕರು, ಸಂಖ್ಯೆ, ಮರದ ಬಗೆ, ಕಂಡ ಪ್ರತಿ ಚುಕ್ಕೆ. ಓರೆ ಬೆಳಕಿನಲ್ಲಿ ಫೋಟೋ ತೆಗೆದರೆ ನೇರ ಬೆಳಕಿನಲ್ಲಿ ಕಾಣದ ಮುದ್ರೆಗಳು ಏಳುತ್ತವೆ. ಅರ್ಥವಾಗದ ಗುರುತನ್ನೂ ಬರೆದಿಡಿ, ಹತ್ತನೆಯ ಕೋವಿ ನೋಡುವ ಹೊತ್ತಿಗೆ ಮೊದಲನೆಯದರ ಗುಟ್ಟು ಬಿಚ್ಚಿಕೊಳ್ಳುತ್ತದೆ.

ಆ ಪುಟದಲ್ಲಿ ರಿಸೀವರಿನ ಇಸವಿಗೆ ದೊಡ್ಡ ಜಾಗ ಬಿಡಿ. ಏಕೆಂದರೆ ಫಿನ್ನರು 1980ರ ದಶಕದಲ್ಲಿ ತಮ್ಮ ಸ್ನೈಪರ್ ರೈಫಲ್ 7.62 ಟಿಕೆಐವಿ 85 ಕಟ್ಟಿದಾಗಲೂ ಕೈಹಾಕಿದ್ದು ಅದೇ ಹಳೆಯ ರಾಶಿಗೆ. ತ್ಸಾರನ ಕಾಲದ ಕಮ್ಮಾರ ಸುತ್ತಿಗೆಯ ಗುರುತು ಒತ್ತಿ ಕಳಿಸಿದ ಉಕ್ಕಿಗೆ ಮತ್ತೆ ಹೊಸ ನಳಿಕೆ, ಮತ್ತೆ ಹೊಸ ಮರ.